ಬಸ್‌ಸ್ಟ್ಯಾಂಡಿನ ವೆಂಕಮ್ಮನ ವಿಚಾರಣೆ

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಕೋಲಸಿರ್ಸಿಯ ವೆಂಕಮ್ಮನ ಕಣ್ಣು ತಪ್ಪಿಸಿ ಹೊಸ ಸೂಟ್‌ಕೇಸೊಂದು ಊರು ದಾಟಿದ ಇತಿಹಾಸವಿಲ್ಲ. ದೊಡ್ಡ ಪೆಟ್ಟಿಗೆ ಕಂಡರೆ ಸಾಕು, ಅರ್ಧ ಕಟ್ಟಿದ ಮಾಲೆಯನ್ನು ಹೆಗಲಿಗೇರಿಸಿಕೊಂಡೇ ಎದ್ದುಬರುತ್ತಾಳೆ: "ಎಲ್ಲಿಗೆ ಹೊಂಟಿದ್ದು? ಕರ್ಕಂಡು ಹೋಗೋರು ಯಾರು? ಪಾಸ್‌ಪೋರ್ಟು ಯಾರ ಕೈಲಿ ಅದೆ?" ಊಟಿಗೆ ಹೊರಟ ಮದುಮಕ್ಕಳಿಗೂ ಇದೇ ವಿಚಾರಣೆ; ವರ್ಗವಾಗಿ ಹೊರಟ ಪೊಲೀಸನನ್ನೂ ಬಿಟ್ಟವಳಲ್ಲ. "ವೆಂಕಮ್ಮನ ವೀಸಾ ಆಯ್ತೇನ್ರೋ?" ಎಂದು ಡ್ರೈವರುಗಳು ನಗುತ್ತಾರೆ, ಅವಳೂ ಜೊತೆಗೆ ನಗುತ್ತಾಳೆ. ಮೊನ್ನೆ ನಿಲ್ಕುಂದದ ರಕ್ಷಿತಾ ಕುವೈತಿನಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆಂದು ಹೊರಟು ನಿಂತಿದ್ದಳು. "ಪಾಸ್‌ಪೋರ್ಟು ಏಜೆಂಟರ ಹತ್ರ ಅದೆ," ಎಂದು ಪಕ್ಕದವನನ್ನು ತೋರಿಸಿದಳು. "ಈಗ್ಲೇ ಇಸ್ಕ, ಮಗಾ. ಕೊಡದಿದ್ರೆ ಬಸ್ ಹತ್ಬೇಡ." ಹುಡುಗಿ ಅಳುಕುತ್ತಲೇ ಕೇಳಿದಳು. "ಅಲ್ಲಿ ಹೋದ್ಮೇಲೆ ಕೊಡ್ತೀನಿ," ಎಂದು ಗದರಿದ ಆತ ಅವಳ ತೋಳು ಹಿಡಿದು ಎಳೆದ. ವೆಂಕಮ್ಮ ಬಸ್ಸಿನ ಬಾಗಿಲಿಗೆ ಅಡ್ಡ ನಿಂತು ಕೂಗಿಕೊಂಡಾಗ ಡ್ರೈವರುಗಳೆಲ್ಲ ಓಡಿಬಂದು ಅವನನ್ನು ಸುತ್ತುವರಿದರು. ಪಾಸ್‌ಪೋರ್ಟನ್ನು ನೆಲಕ್ಕೆಸೆದು ಆತ ಜಾಗ ಖಾಲಿ ಮಾಡಿದ. ರಕ್ಷಿತಾಳಿಗೆ ಮಾತ್ರ ಸಿಟ್ಟು ಉಕ್ಕಿತು. "ಕೈಗೆ ಬಂದ ಕೆಲಸ ಹಾಳು ಮಾಡಿದ್ಯಲ್ಲೇ! ನಿಂಗೆಂತಾ ಗೊತ್ತು?" ವೆಂಕಮ್ಮ ಅವಳನ್ನು ಬೆಂಚಿನ ಮೇಲೆ ಕೂರಿಸಿಕೊಂಡಳು. ಹಿಂದೊಮ್ಮೆ ಇಂಥವನೇ ಒಬ್ಬ ತನ್ನನ್ನೂ ಹೀಗೆಯೇ ಕುವೈತಿಗೆ ಸಾಗಿಸಿ ಅಲ್ಲಿನ ಮನೆಯೊಂದಕ್ಕೆ ಮಾರಿದ್ದು, ಅವರು ಹೊರಗಿನಿಂದ ಬೀಗ ಹಾಕಿ ದುಡಿಸಿದ್ದು, ಅಮ್ಮ ಸತ್ತ ಸುದ್ದಿಯೂ ತನ್ನನ್ನು ತಲುಪದೇ ಹೋದದ್ದು, ಗಂಡ ಚೌಡನಿಗೂ ಹೇಳಿರದ ಎಲ್ಲವನ್ನೂ ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಅಷ್ಟರಲ್ಲಿ ಬಸ್ಸು ಹೊರಟಿತು, ರಕ್ಷಿತಾ ಏಳಲಿಲ್ಲ.