ರುದ್ರಯ್ಯನವರ ಹಸಿರು ಕನ್ನಡಕ

ಈಜು ಕಲಿತವನಿಗೆ ಹೊಳೆಗೆ ಇಳಿಯಲು ಭಯ ಇರುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಹೊಳೆನರಸೀಪುರದಲ್ಲಿ ನಮ್ಮ ರುದ್ರಯ್ಯನವರಿಗಿಂತ ಚೆನ್ನಾಗಿ ಈಜುವವರು ಇರಲಿಲ್ಲ. ಹೇಮಾವತಿ ತುಂಬಿ ಹರಿಯುವಾಗಲೂ ಆಚೆ ದಡ ಮುಟ್ಟಿ, ಬಂಡೆಯ ಮೇಲೆ ಕೂತು ಒಂದು ಎಲೆಯಡಿಕೆ ಹಾಕಿಕೊಂಡು ಬರುತ್ತಿದ್ದ ಮನುಷ್ಯ. ಐವತ್ತೈದನೆಯ ವಯಸ್ಸಿನಲ್ಲಿ ಅದೇ ಮನುಷ್ಯ ಹೊಳೆಯ ಸೋಪಾನದ ಕೊನೆಯ ಮೆಟ್ಟಿಲಲ್ಲಿ ನಿಂತು ನಡುಗಿದ್ದನ್ನು ನಾನು ನೋಡಿದ್ದೇನೆ. ನೀರಿಗೆ ಹೆದರಿ ಅಲ್ಲ, ಕನ್ನಡಕ ಕಳೆದೀತೆಂದು ಹೆದರಿ.

ರುದ್ರಯ್ಯನವರದು ಪೇಟೆಯಲ್ಲಿ ಜವಳಿ ಅಂಗಡಿ. ನಾನು ಅಲ್ಲೇ ಸ್ಕೂಲಿನಲ್ಲಿ ಮೇಷ್ಟ್ರು. ನಮ್ಮಿಬ್ಬರ ಸ್ನೇಹ ಶುರುವಾದದ್ದು ಹೊಳೆಯಲ್ಲಿ. ಎರಡು ವರ್ಷ ಅವರ ಕಣ್ಣಿಗೆ ಪೊರೆ ಬಂದು ನೀಲಿ ಸೀರೆ ಕೇಳಿದವರಿಗೆ ಕಪ್ಪು ಸೀರೆ ಬಿಚ್ಚಿ ತೋರಿಸುವಂತಾಯಿತು. ಅದಕ್ಕೆ ಅವರು ಅಷ್ಟು ಮರುಗಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತಾಗ ಅಂಗೈ ಮೇಲಿನ ಲಿಂಗ ಕಾಣದೆ ಬರೀ ಮಸಕು ಕಾಣುತ್ತಿತ್ತಲ್ಲ, ಅದು ಅವರನ್ನು ಒಳಗೊಳಗೇ ತಿಂದುಹಾಕಿತು. ಕೊನೆಗೆ ಮೈಸೂರಿಗೆ ಹೋಗಿ ಪೊರೆ ತೆಗೆಸಿಕೊಂಡು ಬಂದರು. ಮದರಾಸಿನಿಂದ ದಪ್ಪ ಗಾಜಿನ ಹಸಿರು ಕನ್ನಡಕ ಬಂತು. ಅದನ್ನು ಹಾಕಿಕೊಂಡು ಲಿಂಗ ನೋಡಿದ ದಿನ ಅವರು ಮಗುವಿನ ಹಾಗೆ ಅತ್ತರೆಂದು ಅವರ ಹೆಂಡತಿ ಕಮಲಾಕ್ಷಮ್ಮ ನನಗೆ ಹೇಳಿದ್ದರು.

ಡಾಕ್ಟರು ಹೇಳಿದ ಮಾತು ಎರಡೇ. ಬರಿಗಣ್ಣಿನಲ್ಲಿ ಬಿಸಿಲು ನೋಡಬಾರದು. ಕನ್ನಡಕ ಕಳೆಯಬಾರದು, ಯುದ್ಧದ ಕಾಲ, ಇಂಥ ಗಾಜು ಇನ್ನೊಂದು ಯಾವಾಗ ಸಿಗುತ್ತದೋ ಹೇಳಲಾಗುವುದಿಲ್ಲ. ಅದು ನಲವತ್ತೊಂದನೆಯ ಇಸವಿ. ಅಲ್ಲಿಂದ ರುದ್ರಯ್ಯನವರ ಕೈ ಕಿವಿಯ ಹತ್ತಿರವೇ ಉಳಿಯಿತು. ಬಟ್ಟೆ ಅಳೆಯುವಾಗ, ದಾರಿಯಲ್ಲಿ ನಡೆಯುವಾಗ, ಮಾತಿನ ಮಧ್ಯೆ, ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುವುದು. ಸೀನು ಬಂದರೆ ಎರಡೂ ಕೈಯಲ್ಲಿ ಕನ್ನಡಕ ಹಿಡಿದುಕೊಂಡು ಸೀನುತ್ತಿದ್ದರು. ನಾನು ನಗುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇಷ್ಟಾದರೂ ಹೊಳೆಯ ಚಪಲ ಬಿಡಲಿಲ್ಲ. ಕಾರ್ತಿಕದಲ್ಲಿ ನೀರು ತಿಳಿಯಾದಾಗ, "ಒಂದ್ಸಲ ದಾಟಿ ಬರೋಣ ಮೇಷ್ಟ್ರೇ, ಇಲ್ದಿದ್ರೆ ನಾನು ಸತ್ತಂಗೇ ಲೆಕ್ಕ" ಎಂದರು. ವಾರವೆಲ್ಲ ಕನ್ನಡಕ ಕಟ್ಟುವ ಯೋಚನೆ. ಕಿವಿಗೆ ದಾರ ಸುತ್ತಿ ನೋಡಿದರು, ಜಾರಿತು. ತಲೆಗೆ ವಸ್ತ್ರ ಬಿಗಿದರು, ನೆನೆದು ಸಡಿಲವಾಯಿತು. ಕೊನೆಗೆ ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಕಟ್ಟುವ ಕತ್ತಾಳೆ ಬೆಂಡಿನಲ್ಲಿ ಅಂಗೈಯಗಲದ ಒಂದು ತುಂಡು ಕೊಯ್ದರು. ಕನ್ನಡಕದ ಎರಡು ಕಡ್ಡಿಗೂ ಹುರಿ ಬಿಗಿದು, ಹುರಿಯ ತುದಿಗೆ ಬೆಂಡು ಕಟ್ಟಿ ಕತ್ತಿನ ಹಿಂದೆ ಇಳಿಬಿಟ್ಟರು. ಬಿದ್ದರೂ ಮುಳುಗದು. ಆದರೆ ತೇಲಿಹೋದರೆ? ಆ ಯೋಚನೆಗೆ ಒಂದು ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಹುರಿಯನ್ನು ಕೊರಳಿನ ಶಿವದಾರಕ್ಕೆ ಗಂಟುಹಾಕಿಬಿಟ್ಟರು.

ಶಿವದಾರವೆಂದರೆ ಲಿಂಗದ ಬೆಳ್ಳಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಳ್ಳುವ ನೂಲು. ನಮ್ಮಲ್ಲಿ ಲಿಂಗ ಮೈಯಿಂದ ಬೇರೆಯಾದರೆ ಅದು ಸಿಗುವವರೆಗೆ ಬಾಯಿಗೆ ಹನಿ ನೀರು ಹಾಕುವಂತಿಲ್ಲ. ಕಮಲಾಕ್ಷಮ್ಮ ನೋಡಿ ಗಾಬರಿಯಾದರು.

"ಇದೇನ್ರೀ, ಲಿಂಗದ ದಾರಕ್ಕಾ ಕಟ್ಟೋದು? ಅದೂ ಹಳೇ ದಾರ, ಬದಲಾಯಿಸಿ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ."

"ನಲವತ್ತು ವರ್ಷದಿಂದ ಈ ದಾರದ ಜೊತೆ ಈಜಿದೀನಿ ಕಣೆ. ಹುಟ್ಟಿದಾಗಿಂದ ನನ್ನ ಹತ್ರ ಕಳೀದೇ ಇರೋದು ಇದೊಂದೇ."

ಆಕೆ ಸುಮ್ಮನಿರಲಿಲ್ಲ. ಹರಿಗೋಲಿನಲ್ಲಿ ಜನರನ್ನು ದಾಟಿಸುವ ಲಕ್ಕಯ್ಯನಿಗೆ ಹೇಳಿ ಕಳಿಸಿದರು. ನಾವು ಈಜುವಾಗ ಅವನು ಹರಿಗೋಲಿನಲ್ಲಿ ನಮ್ಮ ಹಿಂದೆಯೇ ಬರಬೇಕು.

ಹೊಳೆಗೆ ಇಳಿದದ್ದು ಬೆಳಿಗ್ಗೆ ಒಂಬತ್ತಕ್ಕೆ. ಅರ್ಧ ದಾರಿಯವರೆಗೂ ರುದ್ರಯ್ಯ ಒಂದೇ ಕೈಯಲ್ಲಿ ಈಜಿದರು, ಇನ್ನೊಂದು ಕನ್ನಡಕದ ಮೇಲೆ. "ಎರಡೂ ಕೈ ಹಾಕ್ರೀ, ಸುಸ್ತಾಗ್ತೀರಿ" ಎಂದು ನಾನು ಗದರಿದೆ. ನನ್ನ ಮಾತು ಕೇಳಿ ಕೈ ಬಿಟ್ಟರು. ಬಿಟ್ಟ ಮೇಲೆ ನೋಡಬೇಕು, ಹಳೆಯ ರುದ್ರಯ್ಯ ಮರಳಿ ಬಂದರು. ಅದೇ ನೀಳ ತೋಳು, ಅದೇ ಸಲೀಸು. ನನಗೆ ಹಿಗ್ಗಾಯಿತು.

ಆಗಲೇ ಮೇಲಿನಿಂದ ಒಂದು ಅತ್ತಿ ಕೊಂಬೆ ತೇಲಿ ಬಂತು. ಅದರ ಕವಲು ಅವರ ಕತ್ತಿನ ಹಿಂದಿನ ಬೆಂಡಿಗೆ ಸಿಕ್ಕಿಕೊಂಡು ಎಳೆಯಿತು. ರುದ್ರಯ್ಯ ಒಂದು ಮುಳುಗು ಮುಳುಗಿ ಎದ್ದರು. ಮುಖದ ಮೇಲೆ ಕನ್ನಡಕವಿರಲಿಲ್ಲ. ಕೊರಳಲ್ಲಿ ಶಿವದಾರವೂ ಇರಲಿಲ್ಲ. ಈಜುವಾಗ ಉಜ್ಜಿ ಉಜ್ಜಿ ಆ ಒರಟು ಹುರಿ ಹಳೆಯ ನೂಲನ್ನು ಸವೆಸಿಟ್ಟಿತ್ತು, ಒಂದೇ ಜಗ್ಗಿಗೆ ನೂಲು ಕಿತ್ತುಬಂದಿತ್ತು.

ಕೊಂಬೆಯ ಜೊತೆ ಬೆಂಡು, ಬೆಂಡಿನ ಜೊತೆ ಮಿಕ್ಕದ್ದೆಲ್ಲ ಕೆಳಕ್ಕೆ ಹೋಗುತ್ತಿತ್ತು. ನಾನು ದೂರದಲ್ಲಿದ್ದೆ. ರುದ್ರಯ್ಯನವರಿಗೆ ನೀರಿನ ಮೇಲಿನ ಬಿಸಿಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಇದ್ದಲ್ಲೇ ಸುತ್ತುತ್ತಿದ್ದರು. ಲಕ್ಕಯ್ಯ ಹರಿಗೋಲನ್ನು ರಭಸದಿಂದ ಕೆಳಕ್ಕೆ ನಡೆಸಿ, ಹುಟ್ಟನ್ನು ಕೊಂಬೆಗೆ ಅಡ್ಡ ಕೊಟ್ಟು ತಡೆದ.

"ತಡ್ದಿವ್ನಿ ಬುದ್ಧಿ, ಬನ್ನಿ. ನಾನು ಮುಟ್ಟಾಕಿಲ್ಲ, ನೀವೇ ಬಂದು ತಕ್ಕಳಿ" ಎಂದು ಕೂಗಿದ.

"ತಗೊಳ್ಳೋ ಮಾರಾಯ" ಎಂದು ನಾನು ಬೈದೆ. ಅವನು ಕೇಳಲಿಲ್ಲ. ಇನ್ನೊಬ್ಬರ ಲಿಂಗಕ್ಕೆ ಅವನು ಕೈ ಹಾಕುವವನಲ್ಲ. "ಈ ಕಡೆ ಬುದ್ಧಿ, ಎಡಕ್ಕೆ ಬನ್ನಿ" ಎನ್ನುತ್ತಲೇ ಇದ್ದ. ಬೆಂಡು ಹುಟ್ಟಿನ ಕೆಳಗೆ ನುಸುಳಲು ನೋಡುತ್ತಿತ್ತು. ರುದ್ರಯ್ಯ ಕಣ್ಣು ಮುಚ್ಚಿಯೇ ಆ ದನಿಯ ಕಡೆಗೆ ಈಜಿದರು. ಅಂತೂ ಹರಿಗೋಲಿನ ಅಂಚು ಹಿಡಿದುಕೊಂಡು, ಏದುಸಿರು ಬಿಡುತ್ತ ಕೇಳಿದರು.

"ಕನ್ನಡಕ ಐತೇನಯ್ಯಾ?"

ಲಕ್ಕಯ್ಯ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಲಿಂಗಪ್ಪ ಅವ್ನೆ ಬುದ್ಧಿ. ತಕ್ಕಳಿ" ಎಂದ.

ಎಲ್ಲವೂ ಸಿಕ್ಕಿತು, ಕನ್ನಡಕದ ಒಂದು ಗಾಜು ಬಿಟ್ಟು. ಹರಿಗೋಲಿನಲ್ಲಿ ವಾಪಸು ಬರುವಾಗ ಅವರು ತಲೆಯ ಮೇಲೆ ಪಂಚೆ ಮುಸುಕು ಹಾಕಿಕೊಂಡು, ಕರಡಿಗೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದರು.

ಮನೆಯಲ್ಲಿ ಕಮಲಾಕ್ಷಮ್ಮನಿಗೆ ನಡೆದದ್ದನ್ನು ಹೇಳುತ್ತ ನಾನು, "ಕಣ್ಣು ಮುಚ್ಕೊಂಡು ಲಿಂಗ ಲಿಂಗ ಅಂತ ಕೂಗ್ತಾ ಈಜಿದ್ರು ಕಣಮ್ಮಾ" ಎಂದೆ. ಊಟಕ್ಕೆ ಕೂತಿದ್ದ ರುದ್ರಯ್ಯ ತಟ್ಟೆ ದೂಡಿದರು.

"ಸುಳ್ಳು ಯಾಕೆ ಹೇಳ್ತೀರಿ ಮೇಷ್ಟ್ರೇ? ಕಮಲಾ, ನಾನು ಮೊದ್ಲು ಕೇಳಿದ್ದು ಕನ್ನಡಕ. ಲಿಂಗ ನೆನಪಿಗೇ ಬರ್ಲಿಲ್ಲ."

ಆಕೆ ಎದ್ದು ಒಳಗೆ ಹೋದರು. ಬೈಯಲು ಮಾತು ಹುಡುಕುತ್ತಿದ್ದಾರೆಂದು ನಾನು ತಿಳಿದೆ. ಬರುವಾಗ ಕೈಯಲ್ಲಿ ಹೊಸ ಶಿವದಾರ ಮತ್ತು ಒಂದು ತುಂಡು ಲಾಡಿ ಇತ್ತು. ದಾರವನ್ನು ಗಂಡನ ಮುಂದಿಟ್ಟು, ಲಾಡಿಯನ್ನು ಒಡೆದ ಕನ್ನಡಕದ ಕಡ್ಡಿಗೆ ತಾವೇ ಕಟ್ಟಿದರು.

"ಎರಡು ವರ್ಷ ಅಂಗೈ ಮೇಲೆ ಲಿಂಗ ಇಟ್ಕೊಂಡು ಏನೂ ಕಾಣ್ದೆ ಅಳ್ತಿದ್ರಲ್ಲ, ನಾನು ನೋಡಿಲ್ವಾ? ಕನ್ನಡಕ ಯಾತಕ್ಕೆ ಕೇಳಿದ್ರಿ ಅಂತ ಶಿವನಿಗೆ ಗೊತ್ತಾಗಲ್ವಾ? ಹಾಕ್ಕೊಳಿ."

ರುದ್ರಯ್ಯ ಒಂಟಿ ಗಾಜಿನ ಕನ್ನಡಕ ಹಾಕಿಕೊಂಡು, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕೂತರು. ಅನ್ನ ಆರಿತು. ನಾವಿಬ್ಬರೂ ಅವರನ್ನು ಕರೆಯಲಿಲ್ಲ.