ಹದಿನಾಲ್ಕನೇ ಕ್ಯಾಸೆಟ್ಟಿನ ಹತ್ತನೇ ಹಾಡು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿದ್ದವನಲ್ಲ. ಸುಮ್ಮನೆ ತಲೆಯಾಡಿಸಿ ಕಳಿಸುವ ಸೌಜನ್ಯವೂ ನನಗಿರಲಿಲ್ಲ. ಆಗ ಎಷ್ಟು ಗಂಟೆ, ಬೆಳಕು ಎತ್ತಲಿಂದ ಬರುತ್ತಿತ್ತು, ಜೊತೆಗೆ ಯಾರಿದ್ದರು ಎಂದು ಒಂದೊಂದೇ ಕೇಳಿ, ಹೇಳಿದವರೇ ಬೇಸತ್ತು ಎದ್ದುಹೋಗುವಂತೆ ಮಾಡುತ್ತಿದ್ದೆ. ಪಾಂಡವಪುರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವುದು ನನ್ನ ಕೆಲಸವಾಗಿತ್ತು. ಎದುರಿಗೆ ಇದ್ದದ್ದನ್ನು ಬರೆಯಬೇಕು, ಇಲ್ಲದ್ದನ್ನು ಬರೆಯಬಾರದು ಎನ್ನುವುದೇ ಆ ಕೆಲಸದ ಮೊದಲ ಪಾಠ. ಈಗ ಬರೆಯಹೊರಟಿರುವುದು ಆ ಪಾಠಕ್ಕೆ ವಿರುದ್ಧವಾದದ್ದು. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ನಾನು ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೇ ಓದುವವರು ನನಗೂ ಕೇಳಿಕೊಳ್ಳಲಿ.

ತೊಂಬತ್ತರ ದಶಕದ ನಡುವಿನ ಮಾತು. ಶ್ರೀರಂಗಪಟ್ಟಣದಲ್ಲಿ ಲಿಂಗರಾಜು ಎಂಬ ಹಾಡುಗಾರರಿದ್ದರು. ನಮ್ಮ ಕಡೆಯ ಆಡುಮಾತಿನಲ್ಲೇ ಹಾಡು ಕಟ್ಟಿ, ಗಿಟಾರನ್ನೂ ತಮಟೆಯನ್ನೂ ಒಟ್ಟಿಗೆ ಕೂಡಿಸಿ ಹಾಡುತ್ತಿದ್ದರು. ತಮಟೆಗೆ ಕರೆಂಟು ಕೊಟ್ಟಂಗೈತೆ ಎಂದು ಹಿರಿಯರು ನಗುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ. ಅವರ ಎರಡು ಕ್ಯಾಸೆಟ್ ಮಾರಾಟಕ್ಕೆ ಬಂದಿದ್ದವು. ಮೂರನೆಯದು ಬರುವ ಮೊದಲೇ ಕಾಮಾಲೆಯಾಗಿ ತೀರಿಕೊಂಡರು. ಅವರು ಹೋಗಿ ಎರಡು ವರ್ಷವಾದ ಮೇಲೆ, ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಯವರು ಉಳಿದ ಹಾಡುಗಳನ್ನೆಲ್ಲ ಹೊರತರುತ್ತೇವೆಂದು ಅವರ ಪತ್ನಿ ಸಾವಿತ್ರಮ್ಮನವರಿಗೆ ಕಾಗದ ಬರೆದರು. ಕೊಡುವ ಮೊದಲು ಏನೇನಿದೆ, ಯಾರು ಹಾಡಿದ್ದಾರೆ ಎಂಬ ಪಟ್ಟಿ ಆಕೆಗೆ ಬೇಕಿತ್ತು. ಪಟ್ಟಿ ಮಾಡುವವನೆಂದು ಯಾರೋ ನನ್ನ ಹೆಸರು ಹೇಳಿದ್ದರು.

ಕೋಟೆಯ ಒಳಗಿದ್ದ ಆ ಮನೆಯ ಹಿಂದಿನ ಕೋಣೆಯೇ ಲಿಂಗರಾಜು ಅವರ ಸ್ಟುಡಿಯೋ. ಹೊರಗಿನ ಸದ್ದು ಬಾರದಿರಲೆಂದು ಗೋಡೆಯ ತುಂಬ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಅಂಟಿಸಿದ್ದರು, ಬಾಗಿಲಿಗೆ ಗೋಣಿಚೀಲ ಹೊಡೆದಿದ್ದರು. ಇಪ್ಪತ್ತಮೂರು ಕ್ಯಾಸೆಟ್ಟುಗಳಿದ್ದವು. ಅರ್ಧಕ್ಕೆ ನಿಂತ ಹಾಡು, ಮೂರು ಮೂರು ಸಲ ಹಾಡಿದ ಒಂದೇ ಪಲ್ಲವಿ, ನಡುವೆ ಕೆಮ್ಮು, ನಗು, ಬೈಗುಳ. ನಾನು ಭಾನುವಾರ ಮಧ್ಯಾಹ್ನ ಬಸ್ಸಿನಲ್ಲಿ ಹೋಗಿ ಸಂಜೆಯವರೆಗೆ ಕೂತು ಕೇಳುತ್ತಿದ್ದೆ. ಪ್ರತಿ ಕ್ಯಾಸೆಟ್ಟನ್ನೂ ಪೂರ್ತಿ ಹಿಂದಕ್ಕೆ ಸುತ್ತಿ, ಟೇಪ್ ರೆಕಾರ್ಡರಿನ ಕೌಂಟರನ್ನು ಸೊನ್ನೆಗೆ ತಂದು, ಯಾವ ಅಂಕಿಗೆ ಏನು ಕೇಳಿಸಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಮೊದಲ ದಿನವೇ ಎಲ್ಲ ಕ್ಯಾಸೆಟ್ಟುಗಳ ಬೆನ್ನಿನ ಎರಡೂ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಹಾಕಿದ್ದೆ. ಅವುಗಳನ್ನು ಒಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಬೀಗದಕೈ ನಾನೇ ಒಯ್ಯುತ್ತಿದ್ದೆ.

ಸಾವಿತ್ರಮ್ಮ ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಗಂಡ ಹೋದ ಮೇಲೆ ಒಂದು ಕ್ಯಾಸೆಟ್ಟನ್ನೂ ಅವರು ಕೇಳಿರಲಿಲ್ಲ. ನಾನು ಗುಂಡಿ ಒತ್ತಿದ ಸದ್ದಾದರೆ ಸಾಕು, ಹೊಲಿಗೆ ಯಂತ್ರದ ಸದ್ದು ಜೋರಾಗುತ್ತಿತ್ತು.

ಲಿಂಗರಾಜು ಅವರ ಜೊತೆ ತಮಟೆ ಬಾರಿಸುತ್ತಿದ್ದವರು ಜಯರಾಮು. ಕೆ.ಆರ್. ಪೇಟೆಯಲ್ಲಿ ಅವರದೊಂದು ಕ್ಯಾಸೆಟ್ ಅಂಗಡಿ. ಇಬ್ಬರ ದನಿಯೂ ಒಂದೇ ಥರ. ಲಿಂಗರಾಜುಗೆ ನೆಗಡಿಯಾದ ದಿನ ಜಯರಾಮುವೇ ಹಾಡಿ ಮುಗಿಸಿದ್ದುಂಟು, ಹಿಂದಿನ ಸಾಲಿನವರಿಗೆ ಗೊತ್ತಾಗಿರಲಿಲ್ಲ ಎಂದು ಜನ ಹೇಳುತ್ತಿದ್ದರು. ತಿಂಗಳಿಗೆರಡು ಸಲ ಬಂದು ಮನೆಯ ಕಷ್ಟಸುಖ ವಿಚಾರಿಸಿ ಹೋಗುತ್ತಿದ್ದರು. ಸಾವಿತ್ರಮ್ಮನವರಿಗೆ ಆತ ಒಡಹುಟ್ಟಿದವನ ಲೆಕ್ಕ. ಆದರೆ ಬಂದಾಗಲೆಲ್ಲ ಆತ ಟ್ರಂಕಿನ ಕಡೆ ನೋಡುತ್ತಿದ್ದುದನ್ನು ನಾನು ಗಮನಿಸಿದ್ದೆ. ಅನುಮಾನ ನನ್ನ ಹುಟ್ಟುಗುಣ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹೆಸರು ಎಸರಾಗುತ್ತದೆ. ಮೂರನೇ ತರಗತಿಯಲ್ಲಿ ಮೇಷ್ಟ್ರು ಅದಕ್ಕಾಗಿ ಎಷ್ಟು ಹೊಡೆದರೆಂದರೆ, ಹೆದರಿ ನಾನು ಸಿಕ್ಕಸಿಕ್ಕಲ್ಲಿ ಹ ಸೇರಿಸತೊಡಗಿದೆ. ಒಮ್ಮೆ ಅಮ್ಮ ಒಲೆಯ ಮೇಲೆ ಅಕ್ಕಿ ಇಟ್ಟಳು ಎಂದು ಬರೆಯುವ ಬದಲು ಹಕ್ಕಿ ಇಟ್ಟಳು ಎಂದು ಬರೆದೆ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿಸಿದರು. "ಅಕ್ಕಿ ಅ ಕಣ್ಲಾ" ಎಂದು ಇಡೀ ತರಗತಿ ವರ್ಷವಿಡೀ ನನ್ನನ್ನು ಆಡಿಸಿತು. ದೊಡ್ಡವನಾದ ಮೇಲೆ ಇದನ್ನು ಯಾರಿಗೂ, ನನ್ನ ಹೆಂಡತಿಗೂ ಹೇಳಿರಲಿಲ್ಲ.

ಹದಿನಾಲ್ಕನೇ ಕ್ಯಾಸೆಟ್ಟಿನ ಎರಡನೇ ಬದಿ. ಶುರುವಿಗೆ ಲಿಂಗರಾಜು ಅವರ ಮಾತು: "ಈಗ ಅತ್ತು ಆಡು." ಅಷ್ಟೇ. ಆಮೇಲೆ ಗಿಟಾರು, ಹಾಡು. ನಾನು ಅಭ್ಯಾಸದಂತೆ ಹಕಾರ ಸೇರಿಸಿ, ಈಗ ಹತ್ತು ಹಾಡು ಎಂದು ಬರೆದುಕೊಂಡೆ. ಧ್ವನಿ, ಲಿಂಗರಾಜು ಎಂದೂ ಬರೆದೆ. ಬೇರೆಯೇ ಬಗೆಯ ಹಾಡುಗಳು, ಪೈರು ಕೀಳುವಾಗ ಹೆಂಗಸರು ಹಾಡುವಂಥವು. ಇಪ್ಪತ್ತಮೂರು ಕ್ಯಾಸೆಟ್ಟಿನಲ್ಲಿ ಅವುಗಳಿಗೆ ಸಾಟಿಯಾದದ್ದು ಇನ್ನೊಂದಿರಲಿಲ್ಲ. ಆದರೆ ಎಣಿಸಿದರೆ ಒಂಬತ್ತೇ. ಒಂಬತ್ತನೆಯದು ಕೌಂಟರ್ ನಾನೂರ ಹನ್ನೆರಡಕ್ಕೆ ಮುಗಿದು, ಅಲ್ಲಿಂದ ಕೊನೆಯವರೆಗೆ ಬರಿಯ ಸುಯ್ಯೆನ್ನುವ ಸದ್ದು. ಖಾಲಿ ಎಂದು ಬರೆದು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದೆ. ಮೂಲೆಯ ತಿರುಪುಗಳ ಮೇಲೆ ಗೀರುಗಳಿದ್ದವು. ಯಾರೋ ಬಿಚ್ಚಿ ಮುಚ್ಚಿದ್ದರು.

ಇದನ್ನು ಸಾವಿತ್ರಮ್ಮನವರಿಗೆ ನಾನೇ ಹೇಳಿದೆ. ಹತ್ತನೆಯ ಹಾಡನ್ನು ಯಾರೋ ಕತ್ತರಿಸಿ ತೆಗೆದಿದ್ದಾರೆ, ಟೇಪು ಕತ್ತರಿಸಿ ಅಂಟಿಸಬಲ್ಲವರು ಯಾರೆಂದು ನಿಮಗೇ ಗೊತ್ತು ಎಂದೆ. ಮುಂದಿನ ಭಾನುವಾರ ಜಯರಾಮು ಬಂದು ಕೂತ ಕೂಡಲೇ ಆಕೆ ನೇರವಾಗಿ ಕೇಳಿಬಿಟ್ಟರು.

"ಬಿಚ್ಚಿದ್ದು ನಾನೇ ಅತ್ಗೆ" ಎಂದರು ಜಯರಾಮು. "ಟೇಪು ಸಿಕ್ಕಾಕ್ಕೊಂಡಿತ್ತು, ಬುಡಿಸ್ದೆ. ಆಡು ಕತ್ತರ್ಸೋಕೆ ನಾನೇನ್ ದರ್ಜಿನಾ? ದರ್ಜಿ ನೀವು."

ಸಾವಿತ್ರಮ್ಮ ನಗಲಿಲ್ಲ. "ಅತ್ತು ಅಂತ ಅವರ ಬಾಯಲ್ಲೇ ಐತಂತೆ ಜಯಣ್ಣ. ಇರಾದು ಒಂಬತ್ತು. ಇನ್ನೊಂದ್ ಎಲ್ಲೋಯ್ತು?"

ಜಯರಾಮು ನನ್ನ ಕಡೆ ತಿರುಗಿದರು. "ಅತ್ತು ಅಂತ ಐತಾ?" ಎಂದು ಬಹಳ ಮೆಲ್ಲಗೆ ಕೇಳಿದರು. ಇದೆ ಎಂದು ತಲೆಯಾಡಿಸಿದೆ. ಆತ "ಅಂಗಾದ್ರೆ ಸರಿ ಬುಡಿ" ಎಂದು ಎದ್ದು, ಮುಂದಿಟ್ಟ ಕಾಫಿ ಮುಟ್ಟದೆ ಹೊರಟುಹೋದರು. ಉತ್ತರ ಕೊಡಲಿಲ್ಲ ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ. ಕ್ಯಾಸೆಟ್ಟಿನ ಮೇಲೆ ಎಲ್ಲೂ ಜಯರಾಮುವಿನ ಹೆಸರು ಬರಕೂಡದು, ಇನ್ನು ಆತ ಈ ಹೊಸ್ತಿಲು ತುಳಿಯುವುದೂ ಬೇಡ ಎಂದು ಸಾವಿತ್ರಮ್ಮ ನನ್ನ ಎದುರಿಗೇ ಹೇಳಿದರು. ಕಂಪನಿಯವರು ಪಟ್ಟಿಗೆ ಬರಲು ಹದಿನೈದು ದಿನವಿತ್ತು.

ಮರುಭಾನುವಾರ ಮಧ್ಯಾಹ್ನ ಸುಮಾರು ಮೂರು ಗಂಟೆ. ಕಿಟಕಿ ತೆರೆದಿತ್ತು, ಒಳ್ಳೆಯ ಬಿಸಿಲು. ನಾನು ಹೊಟ್ಟೆತುಂಬ ಉಂಡಿದ್ದೆ, ಆದರೆ ತೂಕಡಿಸುತ್ತಿರಲಿಲ್ಲ. ಪಟ್ಟಿಯನ್ನು ಶುದ್ಧಪ್ರತಿ ಮಾಡುವ ಮುನ್ನ ಹದಿನಾಲ್ಕನೆಯದನ್ನು ಇನ್ನೊಮ್ಮೆ ನೋಡಿಬಿಡೋಣವೆಂದು ಟ್ರಂಕಿನ ಬೀಗ ತೆಗೆದೆ. ಕ್ಯಾಸೆಟ್ಟಿನ ಬೆನ್ನಿನ ತುಣುಕುಗಳು ನಾನು ಮುರಿದಂತೆಯೇ ಇದ್ದವು. ಆ ತೂತಿಗೆ ಅಂಟುಪಟ್ಟಿ ಹಚ್ಚಿ ರೆಕಾರ್ಡ್ ಮಾಡುವ ಉಪಾಯ ಎಲ್ಲರಿಗೂ ಗೊತ್ತಿದ್ದದ್ದೇ, ಆದ್ದರಿಂದ ಬೆರಳಾಡಿಸಿ ಅಂಟಿನ ಗುರುತಿದೆಯೇ ಎಂದೂ ನೋಡಿದೆ. ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು. ಒಂಬತ್ತು ಹಾಡು ಮುಗಿದವು. ಕೌಂಟರ್ ನಾನೂರ ಹನ್ನೆರಡು ತೋರಿಸಿತು. ಸುಯ್ಯೆನ್ನುವ ಸದ್ದು ಶುರುವಾಯಿತು.

ಅದರೊಳಗಿಂದ ಲಿಂಗರಾಜುವಿನದೇ ಎನ್ನಿಸುವ ದನಿಯಲ್ಲಿ ಒಬ್ಬ ಗಂಡಸು ಮಾತಾಡಿದ. ಗಟ್ಟಿಯಾಗಿ ಅಲ್ಲ, ಎದುರಿಗೆ ಕೂತವನಿಗೆ ಹೇಳುವಷ್ಟು.

"ಅಕ್ಕಿ ಅ ಕಣ್ಲಾ. ಜವರ ಆಡವ್ನೆ, ಸರ್ಯಾಗ್ ಕೇಳು."

ನಾನು ಟೇಪು ನಿಲ್ಲಿಸಲಿಲ್ಲ. ಪೆನ್ನು ಕೈಯಲ್ಲಿತ್ತು. ಕೇಳಿದ್ದನ್ನು ಕೇಳಿದಂತೆ ಬರೆದೆ. ಆ ಬರಹ ಈಗಲೂ ನನ್ನ ಬಳಿ ಇದೆ, ಅಕ್ಷರಗಳು ಸೊಟ್ಟಗಾಗಿಲ್ಲ. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಬರಿಯ ಸುಯ್ಯೆನ್ನುವ ಸದ್ದು. ಐದಾರು ಸಲ ಹಾಕಿದೆ, ಇನ್ನೊಂದು ಬದಿಯನ್ನೂ ಹಾಕಿದೆ. ಆ ಮಾತು ಎಲ್ಲೂ ಇರಲಿಲ್ಲ.

ಯಂತ್ರ ನಿಂತಿದ್ದು ಆಗ ಗಮನಕ್ಕೆ ಬಂತು. ಸಾವಿತ್ರಮ್ಮ ಬಾಗಿಲಲ್ಲಿ ನಿಂತಿದ್ದರು. ಯಾರ ಜೊತೆ ಮಾತಾಡುತ್ತಿದ್ದಿರಿ ಎಂದು ಕೇಳಿದರು. ಯಾರ ಜೊತೆಯೂ ಇಲ್ಲ ಎಂದೆ. ನಿಮ್ಮ ದನಿ ಕೇಳಿಸಿದಂತಾಯಿತಲ್ಲ ಎಂದರು. ಅವರಿಗೆ ಕೇಳಿಸಿದ್ದು ಒಂದು ಗಂಡು ದನಿ ಮಾತ್ರ. ಗಂಡನದೆಂದು ಅನ್ನಿಸಿರಲಿಲ್ಲ. ನಾನು ಸುಮ್ಮನೆ, ಜವರ ಎಂದರೆ ಯಾರೆಂದು ವಿಚಾರಿಸಿದೆ. "ಯಾವ ಜವರ ಅಂತ ಏಳ್ಲಿ ಮೇಷ್ಟ್ರೆ? ಈ ಸೀಮೇಲಿ ಊರಿಗೆ ಅತ್ತು ಜನ ಜವರ ಅವ್ರೆ" ಎಂದರು. ಅತ್ತು ಎಂಬ ಆ ಪದ ಕಿವಿಗೆ ಬಿದ್ದಾಗಲೇ ನನಗೆ ಮೊದಲ ಬಾರಿ ಅಳುಕಾಯಿತು. ನೋಟ್‌ಬುಕ್ಕು ತೆಗೆದು ನಾನು ಸೇರಿಸಿದ ಹಕಾರವನ್ನು ನೋಡಿದೆ.

ಮಾರನೆಯ ದಿನ ರಜೆ ಹಾಕಿ, ಚಿನಕುರಳಿಯ ಮೇಲೆ ಹೋಗುವ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದೆ. ದಾರಿಯುದ್ದಕ್ಕೂ ಇದು ಜಯರಾಮುವಿನದೇ ಆಟವೆಂದು ಸಾಬೀತು ಮಾಡಲು ಪ್ರಯತ್ನಿಸಿದೆ. ಲಿಂಗರಾಜುವಿನ ದನಿ ತೆಗೆಯಬಲ್ಲವರು ಅವರೊಬ್ಬರೇ. ಆದರೆ ರೆಕಾರ್ಡ್ ಮಾಡಿದ್ದು ಎರಡನೇ ಸಲವೂ ಕೇಳಿಸಬೇಕಿತ್ತು. ಅಕ್ಕಿಯ ಕತೆಯಂತೂ ಅವರಿಗೆ ಗೊತ್ತಿರುವ ಹಾಗೇ ಇರಲಿಲ್ಲ.

ಅಂಗಡಿಯಲ್ಲಿ ಅವರು ಯಾವುದೋ ಕ್ಯಾಸೆಟ್ಟಿನ ತಿರುಪು ಬಿಚ್ಚುತ್ತಿದ್ದರು. ನನ್ನನ್ನು ನೋಡಿ, "ಬನ್ನಿ ಮೇಷ್ಟ್ರೆ, ಇನ್ನೇನ್ ಕಳ್ದೋಯ್ತು?" ಎಂದರು. ಅವರ ಮುಖವನ್ನೇ ನೋಡುತ್ತಾ, ಬೇರೇನೂ ಹೇಳದೆ, ಜವರ ಎಂದರೆ ಯಾರೆಂದು ಕೇಳಿದೆ.

ಅವರು ತಿರುಪುಳಿ ಕೆಳಗಿಟ್ಟರು. ಆ ಹೆಸರು ಹೇಳಿದವರು ಯಾರೆಂದು ಎರಡು ಸಲ ಕೇಳಿದರು. ಮೊದಲು ನೀವು ಹೇಳಿ ಎಂದೆ.

"ನಾನೇ" ಎಂದರು. "ಇಸ್ಕೂಲಲ್ಲಿ ಜಯರಾಮು ಅಂತ ಬರ್ಸುದ್ರು. ಜವರ ಅಂತ ಕರೀತಿದ್ದೋರು ಇಬ್ರೇ. ನಮ್ಮವ್ವ ಒಬ್ಳು, ಲಿಂಗ ಒಬ್ಬ. ಈಗ ಇಬ್ರೂ ಇಲ್ಲ."

ಉಳಿದದ್ದನ್ನು ನಾನು ಕೇಳುವ ಮೊದಲೇ ಹೇಳಿದರು. ಅವರ ತಾಯಿ ನಾಗಮಂಗಲದ ಕಡೆಯ ಹಳ್ಳಿಯವರು, ಹೊಲಗದ್ದೆಯ ಹಾಡುಗಳನ್ನು ಚೆನ್ನಾಗಿ ಹಾಡುತ್ತಿದ್ದರಂತೆ. ಆಕೆ ತೀರಿಕೊಂಡಾಗ ಮಗನಿಗೆ ಮೂರು ದಿನವಾದರೂ ಅಳು ಬರಲಿಲ್ಲ. ಲಿಂಗರಾಜು ಬಂದು ಎಬ್ಬಿಸಿಕೊಂಡು ಹೋಗಿ, ಆ ಮೊಟ್ಟೆ ತಟ್ಟೆಯ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿ, ತಾನು ಗಿಟಾರು ಹಿಡಿದುಕೊಂಡ.

"ಈಗ ಅತ್ತು ಆಡು ಅಂದ. ಟೇಪು ನಿಲ್ಸ್ದ. ಅತ್ತೆ, ಆಮ್ಯಾಕೆ ಆಡ್ದೆ. ಅವ್ವನ್ ಆಡು ಒಂಬತ್ತೇ ಗ್ಯಾಪ್ಕ ಇದ್ದುದ್ದು."

ಅಳುವುದನ್ನು ನಾನು ಅಂಕಿ ಮಾಡಿದ್ದೆ. ಹಾಡು ಕದ್ದವನೆಂದು ಯಾರ ಮೇಲೆ ಹೊರಿಸಿದ್ದೆನೋ, ಅವನದೇ ಒಂಬತ್ತು ಹಾಡುಗಳನ್ನು ನನ್ನ ಪಟ್ಟಿ ಇನ್ನೊಬ್ಬರ ಹೆಸರಿಗೆ ಬರೆದಿತ್ತು. ಆ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಏನಂತ ಏಳ್ಲಿ? ಅವು ಅವ್ವನ್ ಆಡು. ನಂದು ಅನ್ನೋಕಾಯ್ತದಾ? ಅಳಾದ್ನ ಲೆಕ್ಕ ಅನ್ಕೊಂಡೋರ್ ಮುಂದೆ ಅತ್ತಿದ್ದೆ ಅಂತ ಏಳ್ಕೊಳಕೂ ನಂಗ್ ಆಗ್ನಿಲ್ಲ" ಎಂದರು. ತಿರುಪುಳಿಯನ್ನು ಮತ್ತೆ ಕೈಗೆತ್ತಿಕೊಂಡು, "ಜವರ ಅಂತ ಟೇಪಲ್ ಐತಾ?" ಎಂದು ಕೇಳಿದರು. ಕೇಳಿಸಿತು ಎಂದೆ.

ಮುಂದಿನ ಭಾನುವಾರ ಅವರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. ನನ್ನಿಂದ ಆದ ತಪ್ಪನ್ನು ಸಾವಿತ್ರಮ್ಮನವರಿಗೆ ವಿವರಿಸಿ, ನೀವೇ ಒಮ್ಮೆ ಕೇಳಿ ಎಂದು ಬೇಡಿಕೊಂಡೆ. ಅಂದು ಅವರು ಯಂತ್ರಕ್ಕೆ ಬಟ್ಟೆ ಹೊದಿಸಿ ಬಂದು ಚಾಪೆಯ ಮೇಲೆ ಕೂತರು. ಎರಡು ಸಾಲು ಮುಗಿಯುವಷ್ಟರಲ್ಲಿ, "ಇದು ಅವರಲ್ಲ" ಎಂದರು. ಒಂಬತ್ತೂ ಹಾಡು ಮುಗಿದವು. ನಾನೂರ ಹನ್ನೆರಡು ಬಂತು. ಮೂವರೂ ಮುಂದಕ್ಕೆ ಬಾಗಿ ಕೂತಿದ್ದೆವು. ಟೇಪು ಮುಗಿದು ಗುಂಡಿ ತಾನಾಗಿ ಟಕ್ಕೆಂದು ಮೇಲೇಳುವವರೆಗೆ ಸುಯ್ಯೆನ್ನುವ ಸದ್ದೇ ಹೊರತು ಬೇರೇನೂ ಕೇಳಿಸಲಿಲ್ಲ.

ಜಯರಾಮು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ಬೇರೆಯವರನ್ನು ನಾನು ನೋಡುತ್ತಿದ್ದುದು ಹಾಗೆಯೇ. ಸಾವಿತ್ರಮ್ಮ ಅವರಿಗೆ ಕಾಫಿ ತಂದುಕೊಟ್ಟರು, ಅವರು ಕುಡಿದರು. ಆದರೆ ನಾನು ನಾಗಮಂಗಲದ ಕಡೆ ಯಾರನ್ನೋ ವಿಚಾರಿಸಿ ಆ ಹೆಸರು ತಿಳಿದುಕೊಂಡಿದ್ದೇನೆ ಎಂದೇ ಜಯರಾಮು ಇಂದಿಗೂ ನಂಬಿದ್ದಾರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ನಂಬುತ್ತಿದ್ದೆ. ಇನ್ನಾವುದೋ ಟೇಪಿನಲ್ಲಿ ಕೇಳಿ ಮರೆತಿದ್ದೇನೆಯೇ ಎಂದು ಇಪ್ಪತ್ತಮೂರನ್ನೂ ಮೊದಲಿಂದ ಹುಡುಕಿದೆ. ಲಿಂಗ ಎಂದಿದೆ, ಜಯ ಎಂದಿದೆ, ಲೇ ಎಂದಿದೆ. ಜವರ ಎಲ್ಲಿಯೂ ಇಲ್ಲ. ಆ ಮಾತನ್ನು ನಾನೇ ಆಡಿದೆನೇ ಎಂಬ ಅನುಮಾನವನ್ನೂ ಬಿಟ್ಟಿಲ್ಲ. ಸಾವಿತ್ರಮ್ಮನವರು ಮೊದಲು ಅದನ್ನು ನನ್ನ ದನಿ ಎಂದುಕೊಂಡಿದ್ದರು. ಹಾಗಿದ್ದರೆ ನನಗೆ ಗೊತ್ತಿಲ್ಲದ ಹೆಸರು ನನ್ನ ಬಾಯಿಗೆ ಬಂದದ್ದು ಹೇಗೆ?

ಪಟ್ಟಿ ಸಮಯಕ್ಕೆ ಸರಿಯಾಗಿ ಮುಗಿಯಿತು. ಹದಿನಾಲ್ಕನೇ ಕ್ಯಾಸೆಟ್ಟಿನ ಆ ಒಂಬತ್ತು ಹಾಡುಗಳನ್ನು ಜಯರಾಮು ಅವರ ತಾಯಿಯ ಹೆಸರಿಗೆ ಬರೆದು, ಧ್ವನಿ ಜಯರಾಮು ಎಂದು ತಿದ್ದಿದೆ. ಹತ್ತರ ಹಕಾರ ಹೊಡೆದುಹಾಕಿ ಅಕಾರ ಮಾಡಿದೆ. ಶುದ್ಧಪ್ರತಿಯನ್ನು ನೋಡುತ್ತಿದ್ದ ಸಾವಿತ್ರಮ್ಮ ಒಂದು ಸಾಲಿನ ಮೇಲೆ ಬೆರಳಿಟ್ಟು, ನಾನೂರ ಹನ್ನೆರಡರ ಎದುರಿಗೆ ಏನೂ ಬರೆದಿಲ್ಲವಲ್ಲ ಎಂದರು. ಖಾಲಿ ಎಂದು ಬರೆಯಬೇಕಿತ್ತು. ಪೆನ್ನು ತೆಗೆದೆ, ಬರೆಯಲು ಕೈ ಬರಲಿಲ್ಲ. ಆಮೇಲೆ ಬರೆಯುತ್ತೇನೆ ಎಂದೆ.

ನನ್ನ ಬಳಿ ಇರುವ ಪ್ರತಿಯಲ್ಲಿ ಆ ಜಾಗ ಇನ್ನೂ ಹಾಗೆಯೇ ಇದೆ.