ವಿಮಲಾ ಮಾಡಿದ ನೀರಿನ ಆಟ

ಗಿರಿನಗರ, ೧೯೮೭. ಮೈಸೂರಿನ ರೈಲಿಗೆ ಇನ್ನೂ ಹೊತ್ತಿತ್ತು. ಗೆಳತಿ ವಿಮಲಾ, "ನಾನೊಂದು ವಿಡಿಯೋ ಗೇಮ್ ಮಾಡಿದೀನಿ, ಆಡಿ ನೋಡು" ಎಂದು ಮನೆಗೆ ಕರೆದೊಯ್ದಳು. ಅಂಥ ಆಟಗಳು ವಿದೇಶದ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ ಎಂದೇ ನಾನು ತಿಳಿದಿದ್ದೆ. ಇವಳೋ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅವಳ ಅಣ್ಣ ಲಂಡನ್ನಿನಿಂದ ತಂದ ಪುಟ್ಟ ಕಂಪ್ಯೂಟರನ್ನು ಟಿವಿಗೆ ಜೋಡಿಸಿ, ಪಕ್ಕದ ಟೇಪ್ ರೆಕಾರ್ಡರಿಗೆ ಆಟದ ಕ್ಯಾಸೆಟ್ ಹಾಕಿದಳು. ಅದು ಒಂದೇ ಸಮನೆ ಕಿರುಚಿತು. ಆಟವೆಲ್ಲ ಆ ಕಿರುಚಾಟದಲ್ಲೇ ಅಡಗಿರುತ್ತದಂತೆ.

ಪರದೆಯ ಮೇಲೆ ಚಿಕ್ಕ ಚಿಕ್ಕ ಚೌಕಗಳಿಂದಾದ ಹೆಂಗಸೊಬ್ಬಳು ಬೀದಿ ನಲ್ಲಿಯಿಂದ ಕೊಡ ಎತ್ತಿಕೊಂಡು ಹೊರಟಳು. ದಾರಿಯಲ್ಲಿ ಹಸು, ಸೈಕಲ್ಲು.

"ಯಾರನ್ನ ಹೊಡೀಬೇಕು?" ಎಂದೆ.

"ಯಾರನ್ನೂ ಇಲ್ಲ. ನೀರು ಚೆಲ್ಲದೆ ಮನೆ ಸೇರ್ಬೇಕು, ಅಷ್ಟೇ." ಅವಳ ದನಿ ಇಳಿಯಿತು. "ವಿಡಿಯೋ ಗೇಮ್ ಮಾರೋ ಅಂಗಡಿಯವರಿಗೆ ತೋರಿಸ್ದೆ. ಗುಂಡು ಹಾರದಿದ್ರೆ ಯಾರು ತಗೋತಾರೆ ಅಂದ್ರು."

ನಾನು ಹಸುವಿಗೆ ಗುದ್ದಿ ನೀರೆಲ್ಲ ಚೆಲ್ಲಿದೆ. ಅಡುಗೆಮನೆಯಿಂದ ಬಂದ ಅವಳ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಆಡಲು ಕೂತರು. ಅವಸರಪಡಲಿಲ್ಲ. ಪರದೆಯ ಮೇಲೆ ಹಸು ದಾಟುವವರೆಗೂ ನಿಂತು, ಆಮೇಲೆ ಹೋಗಿ ಮನೆ ಬಾಗಿಲು ಮುಟ್ಟಿದರು.

"ನೀನು ಗೆದ್ದೆ ಅಮ್ಮ, ಆಟ ಮುಗೀತು" ಎಂದಳು ವಿಮಲಾ.

ಅಮ್ಮ ಏಳಲಿಲ್ಲ. "ಕೊಡ ಇನ್ನೂ ಸೊಂಟದ ಮೇಲೇ ಇದೆಯಲ್ಲೇ. ಎಲ್ಲಿ ಇಳಿಸ್ಲಿ?"

ವಿಮಲಾ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತಳು. "ನೀನೇ ಹೇಳು. ಬಚ್ಚಲಲ್ಲೋ, ಅಡುಗೆಮನೇಲೋ?"

"ಅಡುಗೆಮನೇಲಿ" ಎಂದರು ಅಮ್ಮ. "ಬಚ್ಚಲಿಗಾದ್ರೆ ಇಷ್ಟು ಹುಷಾರಾಗಿ ಯಾರು ತರ್ತಾರೆ?"